ಖಾಲಿ ತೊಟ್ಟಿಲು ತೂಗದ ಮನೆಯ ವೆಬ್‌ಸೈಟು

ಮಿಶ್ರಿಕೋಟಿಯ ರೋಹಿಣಿಗೆ ಮೂವತ್ತೆಂಟು ವರ್ಷ. ಹುಟ್ಟಿದ್ದು ಅಣ್ಣಿಗೇರಿ ಕಡೆಯ ಕರಿ ಮಣ್ಣಿನ ಸೀಮೆಯಲ್ಲಿ, ಓದಿದ್ದು ಹುಬ್ಬಳ್ಳಿಯಲ್ಲಿ ಕಂಪ್ಯೂಟರು, ಸೇರಿದ್ದು ತೊಟ್ಟಿಲ ಮನೆ. ಅತ್ತೆ ರೇವವ್ವ ಕಲಘಟಗಿಯ ತವರಿನಿಂದ ಒಡವೆ ತಂದದ್ದು ಕಡಿಮೆ, ಬಣ್ಣದ ಕೈ ತಂದದ್ದು ಹೆಚ್ಚು. ಸಾಗವಾನಿ ತೊಟ್ಟಿಲಿಗೆ ಅರಗಿನ ಬಣ್ಣ ಹಚ್ಚಿ, ಮಗ್ಗುಲಿಗೆ ಗಿಳಿ, ನವಿಲು, ಬೆಣ್ಣೆ ಮೆತ್ತಿದ ಕೃಷ್ಣ ಎಲ್ಲ ಬರೆದಳೆಂದರೆ ಒಳಗೆ ಮಲಗುವ ಕೂಸು ಅಳುವುದನ್ನು ಮರೆತು ನೋಡಬೇಕು. ಅವಳ ಮಗ, ರೋಹಿಣಿಯ ಗಂಡ ಸಿದ್ಧಾರೂಢ ಕಟ್ಟಿಗೆ ಕೆಲಸ ಮಾಡುತ್ತಾನೆ. ತೊಟ್ಟಿಲು ಸಿದ್ಧವಾದ ಮೇಲೆ ತನ್ನ ಸಣ್ಣ ಟೆಂಪೊದಲ್ಲಿ ಮುಟ್ಟಿಸಿಯೂ ಬರುತ್ತಾನೆ. ಉಳಿದದ್ದೆಲ್ಲ ರೋಹಿಣಿಯದು. ಉಳಿದದ್ದು ಅಂದರೆ ವೆಬ್‌ಸೈಟು.

ತೊಟ್ಟಿಲಿಗೇಕೆ ವೆಬ್‌ಸೈಟು ಎಂದು ಕೇಳುವವರಿಗೆ ನಮ್ಮ ಕಡೆಯ ರೀತಿ ಗೊತ್ತಿಲ್ಲ. ಕೂಸು ಹುಟ್ಟುವ ಮೊದಲು ತೊಟ್ಟಿಲು ಮನೆಗೆ ಬರಬಾರದು. ಬರುವುದು ಹೋಗಲಿ, ಅದರ ಮಾತೂ ಎತ್ತಬಾರದು, ಹೊಟ್ಟೆಯಲ್ಲಿರುವುದಕ್ಕೆ ಕಣ್ಣಾಗುತ್ತದೆ. ಆದರೆ ತೊಟ್ಟಿಲು ಮಾಡುವುದಕ್ಕೆ ಮೂರು ವಾರ ಬೇಕು, ಹೆಸರಿಡುವುದು ಹದಿಮೂರನೆಯ ದಿನ. ಲೆಕ್ಕ ಕೂಡುವುದಿಲ್ಲ. ಹೀಗಾಗಿ ಹಿಂದೆಲ್ಲ ಬಸುರಿಯ ತವರಿನವರು ಯಾರನ್ನೋ ‘ಕಲಘಟಗಿಯಲ್ಲಿ ಭತ್ತದ ಬೀಜ ನೋಡಿ ಬಾ’ ಎಂದು ಬಸ್ಸು ಹತ್ತಿಸುತ್ತಿದ್ದರು. ಆ ಮನುಷ್ಯ ತೊಟ್ಟಿಲಿಗೆ ಹೇಳಿ, ಕೈಯಲ್ಲಿ ಒಂದು ಹಿಡಿ ಭತ್ತ ಹಿಡಿದುಕೊಂಡು ಮರಳುತ್ತಿದ್ದ. ಊರಿಗೆ ಊರೇ ಅರ್ಥ ಮಾಡಿಕೊಂಡು ಸುಮ್ಮನಿರುತ್ತಿತ್ತು.

ಇಷ್ಟು ಗುಟ್ಟಿನ ವ್ಯಾಪಾರಕ್ಕೆ ವೆಬ್‌ಸೈಟಿನಂಥ ಅಂಗಡಿ ಬೇರೆ ಇಲ್ಲ. ಹುಬ್ಬಳ್ಳಿಯ ಮುಸ್ತಫಾ ಅದನ್ನು ಕಟ್ಟಿಕೊಟ್ಟು ಐದು ವರ್ಷವಾಯಿತು. ಚಿತ್ರ ನೋಡಿ, ಒಂದು ಅರ್ಜಿ ತುಂಬಿ, ‘ಕಳಿಸಿ’ ಗುಂಡಿ ಒತ್ತಿದರೆ ಮುಗಿಯಿತು. ಅರ್ಜಿಯಲ್ಲಿ ‘ಡೆಲಿವರಿ ದಿನಾಂಕ’ ಎಂದೊಂದು ಖಾನೆ ಇತ್ತು. ರೋಹಿಣಿ ಕೇಳಿದ್ದು ತೊಟ್ಟಿಲಿನದು, ಜನ ತುಂಬಿದ್ದು ಬಾಣಂತಿಯದು. ‘ಡಾಕ್ಟರು ಹದಿನೆಂಟು ಅಂತಾರ, ನಮ್ಮತ್ತಿ ಇಪ್ಪತ್ತರ ಮ್ಯಾಲ ಅಂತಾಳ’ ಎಂದೂ ಒಬ್ಬಳು ಬರೆದಿದ್ದಳು. ರೋಹಿಣಿ ಆ ಖಾನೆಯನ್ನು ಹಾಗೇ ಬಿಟ್ಟಳು. ಎರಡು ಡೆಲಿವರಿಗೂ ಒಂದೇ ದಿನಾಂಕ ಸಾಕಾಗುತ್ತಿತ್ತು. ಅರ್ಜಿಯ ಕೆಳಗೆ ತಾನೇ ಒಂದು ಸಾಲು ಸೇರಿಸಿದ್ದಳು: ‘ಸಿದ್ಧವಾದ ಮೇಲೆ ನಾವೇ ಫೋನ್ ಮಾಡುತ್ತೇವೆ. ನೀವು ವಿಚಾರಿಸುವ ಅಗತ್ಯವಿಲ್ಲ.’ ಇಂಥ ಸೌಜನ್ಯದ ಸಾಲನ್ನು ಯಾವ ಕಂಪನಿಯೂ ಬರೆದಿರಲಿಕ್ಕಿಲ್ಲ. ಅವಳ ಕುತ್ತಿಗೆಗೆ ಬಂದದ್ದೂ ಇದೇ ಸಾಲು.

ವೆಬ್‌ಸೈಟು ಅಂದರೆ ಒಂದೇ ಯಂತ್ರವಲ್ಲ. ಅದಕ್ಕೆ ಪ್ಲಗಿನ್ ಎಂಬ ಸಣ್ಣ ಸಣ್ಣ ಬಿಡಿಭಾಗಗಳನ್ನು ಸಿಕ್ಕಿಸಿರುತ್ತಾರೆ. ಚಿತ್ರ ತೋರಿಸುವುದಕ್ಕೊಂದು, ಅರ್ಜಿ ತೆಗೆದುಕೊಳ್ಳುವುದಕ್ಕೊಂದು, ಬಂದ ಅರ್ಜಿಯನ್ನು ಜೋಪಾನ ಮಾಡಿ ರೋಹಿಣಿಗೆ ಮೇಲ್ ಕಳಿಸುವುದಕ್ಕೆ ಇನ್ನೊಂದು. ಇವನ್ನು ಮಾಡಿದವರು ದಿನಕ್ಕೊಂದು ಹೊಸ ಆವೃತ್ತಿ ಬಿಡುತ್ತಾರೆ. ಹಾಕಿಕೊಳ್ಳದಿದ್ದರೆ ಕಳ್ಳರು ನುಗ್ಗುತ್ತಾರೆ, ಹಾಕಿಕೊಂಡರೆ ಒಂದಕ್ಕೊಂದು ಹೊಂದದೆ ಜಗಳಕ್ಕೆ ಬೀಳುತ್ತವೆ. ನೆಗೆಣ್ಣಿಯರ ಮನೆಯೇ ಸರಿ.

ಮೊದಲ ವರ್ಷ ರೋಹಿಣಿ ಧೈರ್ಯ ಮಾಡಿ ‘ಎಲ್ಲವನ್ನೂ ಅಪ್‌ಡೇಟ್ ಮಾಡಿ’ ಎಂಬಲ್ಲಿ ಒತ್ತಿದ್ದಳು. ವೆಬ್‌ಸೈಟು ಎರಡು ದಿನ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ ನಿಂತಿತು. ಅವತ್ತು ಮುಸ್ತಫಾ ಹೇಳಿಕೊಟ್ಟ ಪಾಠವನ್ನು ಅವಳು ಮಗಳ ಹಳೆಯ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಮೊದಲು ಬ್ಯಾಕಪ್, ಅಂದರೆ ಇಡೀ ವೆಬ್‌ಸೈಟಿನ ಒಂದು ಪ್ರತಿ ತೆಗೆದು ಬೇರೆ ಕಡೆ ಇಡಬೇಕು. ಆಮೇಲೆ ಹೊರಗಿನವರಿಗೆ ಕಾಣದ ಹಾಗೆ ಒಂದು ನಕಲು ವೆಬ್‌ಸೈಟು ನಿಲ್ಲಿಸಿ, ಅಪ್‌ಡೇಟು ಅಲ್ಲಿ ಹಾಕಿ ನೋಡಬೇಕು, ಅದೂ ಒಂದು ಸಲಕ್ಕೆ ಒಂದೇ ಪ್ಲಗಿನ್. ಗಿರಾಕಿ ಏನೇನು ಮಾಡುತ್ತಾನೋ ಅದನ್ನೆಲ್ಲ ತಾನೇ ಮಾಡಿ ನೋಡಿದ ಮೇಲೆಯೇ ಅಸಲಿಗೆ ಕೈ ಹಚ್ಚಬೇಕು. ರೋಹಿಣಿ ಇದಕ್ಕೆ ತನ್ನದೂ ಒಂದು ನಿಯಮ ಸೇರಿಸಿದಳು: ಸೋಮವಾರ ಬೇಡ. ಎತ್ತನ್ನೇ ಹೂಡದ ದಿನ ಸರ್ವರನ್ನು ಯಾಕೆ ಹೂಡಬೇಕು?

ಎಲ್ಲ ಸರಿ. ಆದರೆ ಗಿರಾಕಿ ಮಾಡುವುದನ್ನೆಲ್ಲ ಮಾಡಿ ನೋಡಬೇಕು ಅಂದರೆ, ಒಂದು ಸುಳ್ಳು ಆರ್ಡರ್ ಕಳಿಸಿ ನೋಡಬೇಕು. ರೇವವ್ವ ಅಡ್ಡ ನಿಂತದ್ದು ಅಲ್ಲಿ.

“ಯಾರ ಕೂಸಿಗೆ?” ಎಂದು ಕೇಳಿದ್ದಳು ರೇವವ್ವ.

“ಯಾರ ಕೂಸಿಗೂ ಅಲ್ಲ ಅತ್ತೀ. ಸುಳ್ಳ ಸುಳ್ಳ ಹೆಸರ ಹಾಕೂದು, ಬರತೈತೋ ಇಲ್ಲೋ ನೋಡೂದು, ಅಳಸೂದು.”

“ಇಲ್ಲದ ಕೂಸಿನ ಹೆಸರಲೆ ತೊಟ್ಟಲಾ ಬರಕೊಂಡು ಆಮ್ಯಾಲ ಅಳಸತಿ? ಖಾಲಿ ತೊಟ್ಟಲಾ ತೂಗೂದಂದ್ರ ಮತ್ತೇನಬೇ ಅದು? ನಿನ್ನ ಯಂತ್ರದಾಗ ತೂಗಿದರ ತೂಗಿದಂಗ ಅಲ್ಲೇನು?”

“ನಿಮ್ಮ ಹೆಸರೇ ಹಾಕ್ರಲಾ ಅಕ್ಕಾರ” ಎಂದಿದ್ದ ಮುಸ್ತಫಾ ಫೋನಿನಲ್ಲಿ.

“ಹುಚ್ಚ ಹಿಡದೈತೇನು? ಮಗಳು ಒಂಬತ್ತನೇತ್ತೆ ಅದಾಳ. ನನ್ನ ಹೆಸರಲೆ ತೊಟ್ಟಲಾ ಅಂತ ಸುದ್ದಿ ಆದ್ರ ನಾ ಹಾಲಿನ ಡೇರಿಗೆ ಹೋಗಬೇಕೋ ಬ್ಯಾಡೋ?”

ರೋಹಿಣಿ ಇಂಥದನ್ನು ನಂಬುವವಳಲ್ಲ. ನಂಬುವುದಿಲ್ಲ, ಆದರೆ ಮಾಡುವುದೂ ಇಲ್ಲ. ತೊಟ್ಟಿಲ ಮನೆಯಲ್ಲಿ ಹದಿನೇಳು ವರ್ಷ ಬಾಳಿದವರಿಗೆ ಇಷ್ಟಾದರೂ ಅಂಟುತ್ತದೆ. ಹೀಗಾಗಿ ನಕಲು ವೆಬ್‌ಸೈಟಿನಲ್ಲಿ ಅವಳು ಎಲ್ಲ ಪುಟ ತೆರೆಯುತ್ತಿದ್ದಳು, ಎಲ್ಲ ಚಿತ್ರ ನೋಡುತ್ತಿದ್ದಳು, ಅರ್ಜಿಯ ಖಾನೆಗಳ ಮೇಲೆ ಬೆರಳಾಡಿಸುತ್ತಿದ್ದಳು. ‘ಕಳಿಸಿ’ ಗುಂಡಿಯ ಹತ್ತಿರ ಬಂದು ಕೈ ಹಿಂದೆ ತೆಗೆಯುತ್ತಿದ್ದಳು. ನಾಲ್ಕು ವರ್ಷ ಹಾಗೇ ನಡೆಯಿತು. ನಡೆದದ್ದರಿಂದಲೇ ಕೆಟ್ಟಿತು.

ಈ ವರ್ಷ ಆಷಾಢ ಕಾಲಿಟ್ಟ ಮೊದಲ ಗುರುವಾರ ಅರ್ಜಿಯ ಪ್ಲಗಿನ್ನಿಗೆ ಹೊಸ ಆವೃತ್ತಿ ಬಂತು. ‘ತಡ ಮಾಡಬೇಡಿ, ಹಳೆಯದರಲ್ಲಿ ಕಳ್ಳಗಂಡಿ ಇದೆ’ ಎಂಬ ಎಚ್ಚರಿಕೆಯ ಸಮೇತ. ರೋಹಿಣಿ ಬ್ಯಾಕಪ್ ತೆಗೆದಳು, ನಕಲಿಗೆ ಹಾಕಿದಳು, ನೋಡಿದಳು. ಅರ್ಜಿ ಚೆನ್ನಾಗಿಯೇ ಕಂಡಿತು. ಅಸಲಿಗೆ ಹಾಕಿದಳು. ಅದಾದ ಮೇಲೆ ಒಂದು ಆರ್ಡರೂ ಬರಲಿಲ್ಲ. ಮನೆಯಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. “ಆಷಾಢದಾಗ ಯಾರ ತೊಟ್ಟಲಾ ಹೇಳ್ತಾರ?” ಎಂದು ಸಿದ್ಧಾರೂಢ ಟೆಂಪೊ ರಿಪೇರಿಗೆ ಬಿಟ್ಟ.

ಶ್ರಾವಣ ಹುಟ್ಟಿ ಎರಡನೆಯ ದಿನ ಅಣ್ಣಿಗೇರಿಯಿಂದ ಹನುಮೇಶ ಎನ್ನುವವನ ಫೋನು ಬಂತು.

“ನಮಸ್ಕಾರ್ರಿ ಬಾಯಾರ. ಮಗಾ ಹುಟ್ಯಾನ್ರಿ.”

“ಭಾಳ ಚಲೋ ಆತ್ರಿ.”

“ಆರನೇ ತಾರೀಕ ಹೆಸರಿಡೂದೈತಿ. ನಮ್ಮ ತೊಟ್ಟಲಾ ಎಲ್ಲಿ ಮಟಾ ಬಂತ್ರಿ?”

ರೋಹಿಣಿ ಹೆಸರು ಹುಡುಕಿದಳು. ಊರು ಹುಡುಕಿದಳು. ಇರಲಿಲ್ಲ. “ಯಾವಾಗ ಕಳಿಸಿದ್ರಿ?”

“ಮಣ್ಣೆತ್ತಿನ ಅಮಾಸಿ ಆಗಿ ವಾರಕ್ಕ. ‘ಧನ್ಯವಾದ, ನಿಮ್ಮ ಬೇಡಿಕೆ ತಲುಪಿದೆ’ ಅಂತ ಬಂತಲ್ರಿ. ನೀವೇ ಫೋನ್ ಮಾಡ್ತೀವಿ ಅಂತ ಬರದೀರಿ, ಅದಕ ಸುಮ್ಮನಿದ್ದೆ.”

ರೋಹಿಣಿ ‘ಮತ್ತ ಮಾಡತೀನ್ರಿ’ ಎಂದು ಫೋನು ಇಟ್ಟಳು. ಮುಸ್ತಫಾಗೆ ಫೋನು ಹಚ್ಚಿದಳು. ಅವನು ಅರ್ಧ ಗಂಟೆ ಹುಡುಕಿ ಹೇಳಿದ್ದು ಇಷ್ಟು: ಹೊಸ ಅರ್ಜಿ ಪ್ಲಗಿನ್ ಒಂದು ಭಾಷೆಯಲ್ಲಿ ಕೊಟ್ಟದ್ದನ್ನು ಜೋಪಾನ ಮಾಡುವ ಹಳೆಯ ಪ್ಲಗಿನ್ನಿಗೆ ತೆಗೆದುಕೊಳ್ಳಲು ಆಗಿಲ್ಲ. ಧನ್ಯವಾದ ಹೇಳುವ ಭಾಗ ಮಾತ್ರ ಯಾರನ್ನೂ ಕೇಳದೆ ಎಲ್ಲರಿಗೂ ಧನ್ಯವಾದ ಹೇಳಿದೆ.

“ಎಷ್ಟ ಮಂದಿ ಕಳಿಸ್ಯಾರೋ ತಮ್ಮಾ?”

“ಸರ್ವರ್ ನೋಡಿದೆ ಅಕ್ಕಾರ. ‘ಕಳಿಸಿ’ ಒತ್ತಿದವರು ಹನ್ನೆರಡು. ಹನುಮೇಶನ್ನ ಬಿಟ್ರ ಹನ್ನೊಂದು.”

“ಯಾರವರು?”

“ಅದ ಇಲ್ರಿ. ಹೆಸರಿಲ್ಲ, ನಂಬರಿಲ್ಲ, ಊರಿಲ್ಲ. ಒತ್ತಿದ ಟೈಮ್ ಅಷ್ಟ ಐತಿ.”

“ಬ್ಯಾಕಪ್ ಐತಲ್ಲೋ! ನಾ ತಗದೀನಿ. ಅದನ್ನ ವಾಪಸ್ ಹಾಕು.”

“ಬ್ಯಾಕಪ್ ಅಂದ್ರ ಗುರುವಾರ ತಗದ ಫೋಟೋ ಇದ್ದಂಗ ಅಕ್ಕಾರ. ಶುಕ್ರವಾರ ಬಂದ ಬೀಗರು ಅದರಾಗ ಹೆಂಗ ಕಾಣಬೇಕು?”

ಹನ್ನೊಂದು ಮನೆ. ಎಲ್ಲಿಯೋ ಹನ್ನೊಂದು ಹೆಂಗಸರು, ದಿನ ತುಂಬುತ್ತಿರುವವರು, ತೊಟ್ಟಿಲಿನ ಚಿಂತೆ ಮುಗಿಯಿತೆಂದು ಕಾಲು ಚಾಚಿ ಕೂತಿದ್ದಾರೆ. ಒಬ್ಬರೂ ಫೋನು ಮಾಡುವುದಿಲ್ಲ. ಮಾಡಬಾರದೆಂದು ಪದ್ಧತಿ ಹೇಳುತ್ತದೆ, ಮಾಡಬೇಡಿರೆಂದು ರೋಹಿಣಿಯೇ ಹೇಳಿದ್ದಾಳೆ. ಕೂಸು ಹುಟ್ಟಿ, ಬಂಧುಬಳಗ ಕೂಡುವ ಹೊತ್ತಿಗೆ ಅವರಿಗೆ ಗೊತ್ತಾಗುತ್ತದೆ. ಆಮೇಲೆ ಹದಿಮೂರು ದಿನದಲ್ಲಿ ಯಾವ ದೇವರೂ ತೊಟ್ಟಿಲು ಮಾಡಿಕೊಡುವುದಿಲ್ಲ. ಹೊಟ್ಟೆಯಲ್ಲಿದ್ದಾಗ ಕಾಯ್ದಿಟ್ಟ ತೊಟ್ಟಿಲು ತಪ್ಪಿತು ಎಂಬುದನ್ನು ಆ ಕೂಸಿನ ಅಜ್ಜಿಯರು ಅದರ ಪ್ರತಿ ಜ್ವರಕ್ಕೂ ಗಂಟು ಹಾಕುತ್ತಾರೆ. ರೋಹಿಣಿ ಅವತ್ತು ಊಟ ಮಾಡಲಿಲ್ಲ.

ಹನುಮೇಶನಿಗೆ ಮುಂದಿನ ತಿಂಗಳ ಒಬ್ಬರ ತೊಟ್ಟಿಲನ್ನೇ ಕೊಡುವುದೆಂದಾಯಿತು. ಮುಸ್ತಫಾ ಎರಡೂ ಪ್ಲಗಿನ್ನುಗಳಿಗೆ ಹೊಂದುವ ಆವೃತ್ತಿ ಹುಡುಕಿ ನಕಲಿನಲ್ಲಿ ಹಾಕಿದ. ಹಾಕಿ, ಹೆದರುತ್ತಲೇ ಅಂದ: “ಈ ಸಲ ಒಂದ ಟೆಸ್ಟ್ ಆರ್ಡರ್ ಆಗಲೇಬೇಕ್ರಿ ಅಕ್ಕಾರ. ಇಲ್ಲಾಂದ್ರ ನಾ ಕೈ ಹಚ್ಚಂಗಿಲ್ಲ.”

ರೋಹಿಣಿ ಅತ್ತೆಯ ಮುಂದೆ ಹೋಗಿ ನಿಂತಳು. ಜಗಳಕ್ಕೇ ಬಂದಿದ್ದಳು. “ನಿಮ್ಮ ಮಾತ ಕೇಳಿ ಒತ್ತಲಿಲ್ಲ ಅತ್ತೀ. ಒಂದ ಸಲ ಒತ್ತಿದ್ರ ಅವತ್ತ ಗೊತ್ತಾಗತಿತ್ತು. ಖಾಲಿ ತೊಟ್ಟಲಾ ತೂಗಬಾರದಂತ ಹನ್ನೊಂದ ಕೂಸು ನೆಲದ ಮ್ಯಾಲ ಮಲಗೂವಂಗ ಆತು.”

ರೇವವ್ವ ತಾನು ಬರೆಯುತ್ತಿದ್ದ ಗಿಳಿಯ ಕೊಕ್ಕಿಗೆ ಕೆಂಪು ಮುಗಿಸಿದಳು. ಆಮೇಲೆ ಎದ್ದು, ಸೆರಗಿಗೆ ಕೈ ಒರೆಸಿ, ಕಂಪ್ಯೂಟರಿನ ಮುಂದೆ ಬಂದು ಕೂತಳು.

“ಬಸವ ಜಯಂತಿಗೆ ಯಾರಿಗೆ ತೊಟ್ಟಲಾ ಕಟ್ಟತೀವಿ?”

“ಬಸವಣ್ಣಗ.”

“ವರ್ಷಾ ಹುಟ್ಟತಾನೋ ಇಲ್ಲೋ?”

“ಹುಟ್ಟತಾನ್ರಿ.”

“ಹಂಗಾರ ಅದು ಖಾಲಿ ಅಲ್ಲ. ಬರಿ. ತಾಯಿ ಮಾದಲಾಂಬಿಕೆ. ಊರು ಬಾಗೇವಾಡಿ. ಡೆಲಿವರಿ ಅಕ್ಷತದಿಗಿ, ಬಸವ ಜಯಂತಿ ದಿನಾ.”

ಫೋನು ನಂಬರಿನ ಖಾನೆ ಬಂದಾಗ ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಸಿದ್ಧಾರೂಢ ತನ್ನದು ಕೊಟ್ಟ. ರೇವವ್ವ ತನ್ನ ಬಣ್ಣದ ಬೆರಳಿನಿಂದಲೇ ‘ಕಳಿಸಿ’ ಒತ್ತಿದಳು. ಎರಡು ನಿಮಿಷಕ್ಕೆ ಮೇಲ್ ಬಂತು, ಖಾನೆ ಖಾನೆಯೂ ಸರಿಯಾಗಿ. ಅಸಲಿ ವೆಬ್‌ಸೈಟಿನಲ್ಲೂ ಮತ್ತೊಮ್ಮೆ ಮಾಡಿದರು, ಅಲ್ಲಿಂದಲೂ ಬಂತು. ನಾಲ್ಕು ವರ್ಷ ಬಗೆಹರಿಯದ್ದು ಹೀಗೆ ನಾಲ್ಕು ನಿಮಿಷದಲ್ಲಿ ಬಗೆಹರಿಯಿತು. ರೋಹಿಣಿ ನಗಬೇಕೆಂದು ಬಾಯಿ ತೆರೆದಳು, ಅಳು ಬಂತು.

ಇನ್ನು ಹನ್ನೊಂದು ಜನರನ್ನು ಹುಡುಕುವುದು. ವೆಬ್‌ಸೈಟಿನ ಮೇಲೆ ಸೂಚನೆ ಹಾಕಬೇಕೆಂದು ರೋಹಿಣಿ ‘ಆಷಾಢದಲ್ಲಿ ಬಂದ ತೊಟ್ಟಿಲಿನ ಬೇಡಿಕೆಗಳು ಕಳೆದುಹೋಗಿವೆ’ ಎಂದು ಬರೆದು ಅತ್ತೆಗೆ ಓದಿ ಹೇಳಿದಳು.

“ತುಂಬಿದ ಬಸರಿ ಓದೂ ಮಾತೇನ ಇದು? ಕಳದ ಹೋತು ಅಂತಿ?”

“ತಪ್ಪಿ ಹೋಗ್ಯಾವ ಅನ್ನಲೇನು?”

“ಬಾಯಿ ಮುಚ್ಚಬೇ.”

ಕೊನೆಗೆ ಹೀಗೆ ಬರೆದರು: ‘ಆಷಾಢದಲ್ಲಿ ಬರೆದವರು ದಯವಿಟ್ಟು ತಮ್ಮ ಊರು, ಹೆಸರು ಇನ್ನೊಮ್ಮೆ ತಿಳಿಸಿರಿ. ನಿಮ್ಮ ಕೆಲಸ ಮಾಡಲು ನಾವು ಕಾಯುತ್ತಿದ್ದೇವೆ.’ ಹಳೆಯ ಸೌಜನ್ಯದ ಸಾಲನ್ನು ರೋಹಿಣಿ ಕಿತ್ತು ಹಾಕಿದಳು.

ಒಮ್ಮೆ ಅರ್ಜಿ ತುಂಬಿದವರು ಮತ್ತೆ ಬಂದು ನೋಡುವುದು ಎಷ್ಟರ ಮಟ್ಟಿಗೆ? ಅದಕ್ಕೇ ಅವಳು ಹಳೆಯ ಗಿರಾಕಿಗಳಿಗೆಲ್ಲ ಫೋನು ಮಾಡತೊಡಗಿದಳು. ಅವರ ಬಾಯಿಮಾತಿನಿಂದಲೇ ಹೊಸಬರು ಬರುವುದು. ಆದರೆ ಕೇಳುವುದು ಹೇಗೆ? ನಿಮ್ಮ ನೆಂಟರಲ್ಲಿ ಯಾರು ಬಸುರಿ ಎಂದು ಕೇಳುವ ಹಾಗಿಲ್ಲ. “ನಿಮ್ಮ ಕಡೆ ಏನರ ವಿಶೇಷ ಐತೇನ್ರಿ?” ಎಂದು ಕೇಳುತ್ತಿದ್ದಳು.

“ವಿಶೇಷ ಏನವ್ವಾ, ಎಮ್ಮಿ ಈದೈತಿ” ಎಂದಳು ಕುಂದಗೋಳದ ಹನಮವ್ವ. “ತೊಟ್ಟಲಾ ಕೊಡತೀಯೇನು ಕರಕ್ಕ?”

ಇನ್ನೊಬ್ಬಾಕೆ ಇವಳು ಆರೋಗ್ಯ ಇಲಾಖೆಯ ಎಣಿಕೆಯವಳೆಂದು ತಿಳಿದು, ಮನೆಯ ಎಲ್ಲರ ಬಿಪಿ ಶುಗರು ಹೇಳಿದಳು. ಸಿದ್ಧಾರೂಢ ಟೆಂಪೊ ತೆಗೆದುಕೊಂಡು ನವಲಗುಂದ ಕಡೆಯ ಊರುಗಳಿಗೆ ಹೋದ. ಒಂದು ಕಟ್ಟೆಯ ಮೇಲೆ ಹೊಳಬಸಪ್ಪ ಎಂಬ ಮುದುಕನನ್ನು ಮೆಲ್ಲಗೆ ಕೇಳಿದರೆ, ಆತ ಬಡಿಗೆ ಎತ್ತಿಕೊಂಡ. “ನನ್ನ ಸೊಸಿ ಸುದ್ದಿ ಊರಿಗೆಲ್ಲ ಡಂಗುರ ಸಾರಾಕ ಬಂದಿಯೇನ್ಲೇ? ಯಾರ ಹೇಳ್ಯಾರ ನಿನಗ?”

“ಯಾರೂ ಹೇಳಿಲ್ರಿ ಅಜ್ಜಾರ. ಅದಕ ಕೇಳಾಕತ್ತೀನಿ.”

ಮುದುಕ ಬಡಿಗೆ ಇಳಿಸಿ, ಹಿಂದೆ ಮುಂದೆ ನೋಡಿ, ಸಣ್ಣ ದನಿಯಲ್ಲಿ ಹೇಳಿದ: “ಮಗ್ಗಲಕ ನವಲ ಬರಿ ಅಂತ ಹೇಳೀವಿ. ಬರದೀರಿಲ್ಲೋ?” ಹಾಗೆ ಒಂದು ಸಿಕ್ಕಿತು.

ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಉಂಡಿ ತಿನ್ನುತ್ತ ಜೋಕಾಲಿ ಆಡುತ್ತ ಸುದ್ದಿ ಹಂಚಿದರು. ಆ ವಾರ ನಾಲ್ಕು ಸಿಕ್ಕವು. ಮಾತು ಬಾಯಿಂದ ಬಾಯಿಗೆ ಹೋಗಿ ಹುಬ್ಬಳ್ಳಿಯಿಂದ ಮೂರು. ಕಲಘಟಗಿಯ ಬಸ್ಸಿನಲ್ಲಿ ಜಹೀರಾ ಎಂಬಾಕೆ ರೋಹಿಣಿಯ ಬಾಜು ಕೂತು, ಕಿಟಕಿಯ ಹೊರಗೆ ನೋಡುತ್ತಲೇ, “ತಂಗೀದು ಐತ್ರಿ ಒಂದು” ಎಂದಳು. ಧಾರವಾಡದ ಒಬ್ಬರು ಮಾತ್ರ ಸೂಚನೆ ಓದಿ ಮತ್ತೆ ಅರ್ಜಿ ತುಂಬಿದರು. ಹತ್ತಾಯಿತು. ಸಿದ್ಧಾರೂಢ ಇಬ್ಬರು ಬಡಿಗೇರರನ್ನು ಕರೆದ. ರೇವವ್ವನ ಬೆನ್ನು ಸೆಟೆದು ಹೋಯಿತು. ಕೂತಲ್ಲೇ ದಿಂಬು ಇಟ್ಟುಕೊಂಡು ಬಣ್ಣ ಹಚ್ಚಿದಳು.

ಹನ್ನೊಂದನೆಯದು ಸಿಗಲಿಲ್ಲ.

ಹತ್ತು ಮನೆಯವರು ಹೇಳಿದ ದಿನ, ಹೊತ್ತು ತಾಳೆ ಹಾಕಿದ ಮೇಲೆ ಸರ್ವರಿನಲ್ಲಿ ಉಳಿದ ಗುರುತು ಅಂದರೆ ಒಂದೇ: ಒಂದು ಬುಧವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಮನೆಯಲ್ಲಿ ಉಳಿದವರು ಮಲಗಿದ ಹೊತ್ತು, ಒಬ್ಬಳೇ ಕೂತು ಫೋನಿನಲ್ಲಿ ತೊಟ್ಟಿಲು ಆರಿಸುವ ಹೊತ್ತು. ರೋಹಿಣಿ ಆ ಮೂರು ಗಂಟೆ ಹತ್ತು ನಿಮಿಷವನ್ನು ಯೋಚಿಸಿ ಯೋಚಿಸಿ ಸವೆಸಿದಳು. ದಿನಾ ಆ ಹೊತ್ತಿಗೆ ಫೋನು ತೆಗೆದು ನೋಡುವಳು. “ಯಾರೋ ಸುಮ್ಮನ ಒತ್ತಿರಬೇಕು ಅಕ್ಕಾರ, ಬಿಡ್ರಿ” ಎಂದ ಮುಸ್ತಫಾ. ಬಿಡಲು ಆಗಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ, ಹತ್ತು ತೊಟ್ಟಿಲುಗಳ ಪಕ್ಕ ಹನ್ನೊಂದನೆಯದೊಂದು ನಿಂತಿದೆ. ರೇವವ್ವ ಅದಕ್ಕೆ ಹಳದಿ ಹಚ್ಚುತ್ತಿದ್ದಾಳೆ.

“ಇದ ಯಾರದು ಅತ್ತೀ?”

“ಯಾರದೋ.”

“ನೀವಾ? ಹೆಸರಿಲ್ಲದ ತೊಟ್ಟಲಾ?”

“ಹೆಸರ ನಿನಗ ಗೊತ್ತಿಲ್ಲ, ಅಷ್ಟ. ಕೂಸ ಐತಿ.” ರೇವವ್ವ ತಲೆ ಎತ್ತಲಿಲ್ಲ. “ಹದಿಮೂರನೇ ದಿನಾ ಫೋನ್ ಬಂತಂದ್ರ? ಆವಾಗ ಏನ ಕೊಡತಿ, ನಿನ್ನ ಧನ್ಯವಾದ ಕೊಡತೀಯೇನು?”

ಶ್ರಾವಣದ ಕೊನೆಯ ವಾರ ಮಧ್ಯಾಹ್ನ, ರೋಹಿಣಿ ಅಕ್ಕಿ ಆರಿಸುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಸಣ್ಣ ಪ್ರಾಯದ ಹೆಣ್ಣುದನಿ.

“ತೊಟ್ಟಲದವರೇನ್ರಿ? ನಾನು ಶಲವಡಿಯಿಂದ, ಮಂಜುಳಾ ಅಂತ. ಆಷಾಢದಾಗ ಬರದಿದ್ದೆ. ಒಂದ ಬುಧವಾರ.”

ರೋಹಿಣಿ ಎದ್ದು ನಿಂತಳು. ಮೊರ ಜಾರಿ ಅಕ್ಕಿ ಚೆಲ್ಲಿತು. “ನಮ್ಮವ್ವಾ! ಎಷ್ಟ ಹುಡಕೀವಿ ನಿನ್ನ! ಹೇಳವ್ವಾ, ಯಾವಾಗ ಬೇಕು? ನಿಂದು ಅಗದಿ ತಯಾರಾಗೈತಿ, ಬಣ್ಣ ಒಂದೀಟು…”

“ಬ್ಯಾಡ್ರಿ.”

ರೋಹಿಣಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

“ಏಳನೇ ತಿಂಗಳದಾಗ ಹೋತ್ರಿ” ಎಂದಿತು ಆ ದನಿ. “ನೀವು ಕಾಯಾಕತ್ತೀವಿ ಅಂತ ಬರದಿದ್ರಿ. ನಾ ದಿನಾ ನೋಡತಿದ್ದೆ. ಸುಮ್ಮನ ಯಾಕ ಕಾಯಬೇಕು ಅವರು, ಹೇಳಿಬಿಡೂಣು ಅಂತ ಮಾಡೀನ್ರಿ.”

“ತಂಗೀ… ನಮ್ಮಿಂದ ತಪ್ಪಾತವ್ವಾ. ನಿಮ್ಮದು ನಮಗ ಮುಟ್ಟಿರಲಿಲ್ಲ.”

“ತೊಟ್ಟಲಾ ಬರದಿದ್ದದ್ದ ಚಲೋ ಆತು ಅಂತಾರ್ರಿ ನಮ್ಮತ್ತಿ. ಬಂದಿದ್ರ ಎಲ್ಲಿ ಇಡತಿದ್ವಿ?”

ಹೇಳುವುದನ್ನು ಹೇಳಿ ಆಕೆ ಫೋನು ಇಟ್ಟಳು. ತನ್ನ ತಪ್ಪು ಯಾರಿಗೋ ಚಲೋ ಆಯಿತೆಂಬುದು ಇಷ್ಟು ಕೆಟ್ಟ ಮಾತಾಗಬಹುದೆಂದು ರೋಹಿಣಿಗೆ ಗೊತ್ತಿರಲಿಲ್ಲ. ಅಂಗಳಕ್ಕೆ ಬಂದಳು. ರೇವವ್ವ ಹನ್ನೊಂದನೆಯ ತೊಟ್ಟಿಲಿನ ಕೊನೆಯ ಮಗ್ಗುಲಿನಲ್ಲಿದ್ದಳು.

“ಯಾರದ ಫೋನು?”

“ಹನ್ನೊಂದನೇದವರು. ಅವಸರ ಇಲ್ಲಂತ.”

“ಅವಸರ ಇಲ್ಲದ ಬಾಣಂತನ ನಾ ಎಲ್ಲೂ ನೋಡಿಲ್ಲ” ಎಂದು ರೇವವ್ವ ಸೊಸೆಯ ಮುಖ ನೋಡಿದಳು. ನೋಡಿದ್ದೇ, ಕೈಯಲ್ಲಿದ್ದ ಕುಂಚವನ್ನು ಬಟ್ಟಲಿಗೆ ಇಳಿಸಿದಳು. ಆಮೇಲೆ ಗೋಡೆ ಹಿಡಿದು ಎದ್ದು, ತೊಟ್ಟಿಲನ್ನು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಬದಿಗೆ ಸರಿಸಿ, ಮೇಲೆ ಒಂದು ಹಳೆಯ ಸೀರೆ ಹೊದಿಸಿದಳು.

“ಆ ಹುಡುಗಿ ನಂಬರ ಬಂದೈತಲ್ಲ? ಹಚ್ಚಿಕೊಡ.”

“ಅತ್ತೀ, ಏನ ಹೇಳ್ತೀರಿ ಆಕಿಗೆ?”

“ನೀ ಹಚ್ಚಬೇ.”

ರೇವವ್ವ ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಗೂ ಫೋನು ಮಾಡಿದವಳಲ್ಲ. ಹಳದಿ ಮೆತ್ತಿದ ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿ ಹಿಡಿದು, ಆ ಕಡೆಯಿಂದ ದನಿ ಬರುವವರೆಗೆ ಗೋಡೆ ನೋಡುತ್ತ ನಿಂತಳು.

“ನಾ ಅವ್ವಾ, ಮಿಶ್ರಿಕೋಟಿ ರೇವವ್ವ. ಏನಿಲ್ಲ, ಸುಮ್ಮನ ಮಾಡಿದೆ. ಊಟಾ ಮಾಡೀಯೇನವ್ವಾ?”